ಬಿಳಿ ದಾರದ ಎಣ್ಣೆ

ಆ ಭಟ್ಟಿಮನೆಯಲ್ಲಿ ಡಬ್ಬಿಯ ಮೇಲೆ ಹೆಸರು ಬರೆಯುವ ಪದ್ಧತಿಯೇ ಇರಲಿಲ್ಲ. ಲ್ಯಾವೆಂಡರ್ ಹೂವಿನ ಕಟ್ಟುಗಳನ್ನು ತಾಮ್ರದ ದೊಡ್ಡ ಹಂಡೆಗೆ ತುಂಬಿ, ಕೆಳಗಿನಿಂದ ಹಬೆ ಬಿಟ್ಟು, ಆ ಹಬೆಯನ್ನು ತಣ್ಣೀರಿನ ಕೊಳವೆಯಲ್ಲಿ ಇಳಿಸಿ, ನೀರಿನ ಮೇಲೆ ತೇಲುವ ಎಣ್ಣೆಯನ್ನು ಬಸಿದು ತಗಡಿನ ಡಬ್ಬಿಗಳಲ್ಲಿ ಸಾಲಾಗಿ ಇಟ್ಟುಬಿಡುತ್ತಿದ್ದರು. ಅಲ್ಲಿಗೆ ಉಳಿದವರ ಕೆಲಸ ಮುಗಿಯಿತು. ಆಮೇಲೆ ದೊಡ್ಡಮ್ಮ ಬರಬೇಕು. ಪ್ರತಿ ಡಬ್ಬಿಗೂ ಒಂದೊಂದು ಕಾಗದದ ಪಟ್ಟಿ ಅದ್ದಿ, ಎರಡು ಸಲ ಗಾಳಿಗೆ ಬೀಸಿ, ಕಣ್ಣು ಮುಚ್ಚಿ ಮೂಸಿ, ಡಬ್ಬಿಯ ಕತ್ತಿಗೆ ದಾರ ಕಟ್ಟಬೇಕು. ಬಿಳಿ ದಾರವಾದರೆ ಮೇಲಿನ ಹೊಲದ ಎಣ್ಣೆ, ಕರಿ ದಾರವಾದರೆ ಕೆಳಗಿನ ಹೊಲದ್ದು.

ಎರಡೂ ಲ್ಯಾವೆಂಡರೇ. ಆದರೆ ಮೇಲಿನ ಹೊಲದ್ದು ಗಿಡ್ಡ ಗಿಡ, ಎಣ್ಣೆ ಕಡಿಮೆ, ಗುಣ ಮೃದು. ಅದು ದಿಂಬಿಗೆ ಚಿಮುಕಿಸಲು, ಬಾಣಂತಿಯರ ಕೈಕಾಲು ತಿಕ್ಕಲು, ನಿದ್ದೆ ಬಾರದ ಮುದುಕರ ಕೋಣೆಗೆ ಹೋಗುತ್ತಿತ್ತು. ಕೆಳಗಿನ ಹೊಲದ್ದು ಎರಡು ಜಾತಿ ಕೂಡಿಸಿ ಬೆಳೆದ ದೊಡ್ಡ ಗಿಡ. ಎಣ್ಣೆ ಧಾರಾಳ, ಆದರೆ ಅದರಲ್ಲಿ ಕರ್ಪೂರದ ಅಂಶ ಹೆಚ್ಚು, ಮೂಗಿಗೆ ಚುರುಕು. ಅದು ಸಾಬೂನಿಗೆ, ನೆಲ ಒರೆಸುವ ನೀರಿಗೆ, ಉಣ್ಣೆ ಬಟ್ಟೆಗೆ ನುಸಿ ಹತ್ತದಂತೆ ಬೀರುವಿನಲ್ಲಿಡುವ ಚೀಲಗಳಿಗೆ ಸೈ. ಕಣ್ಣಿಗೆ ಮಾತ್ರ ಎರಡೂ ಒಂದೇ ತೆಳು ಹಳದಿ. ಬೇರೆ ಮಾಡಬೇಕಾದದ್ದು ಮೂಗು, ಮತ್ತು ನಲವತ್ತು ವರ್ಷದಿಂದ ಆ ಮೂಗು ದೊಡ್ಡಮ್ಮನದು.

ಒಮ್ಮೆ ಪರೀಕ್ಷೆಯ ಯಂತ್ರ ಮಾರುವವನೊಬ್ಬ ಬಂದು ಯಜಮಾನರ ತಲೆ ತಿನ್ನತೊಡಗಿದ್ದ. ದೊಡ್ಡಮ್ಮ ಅವನೆದುರಿಗೇ ಏಳು ಪಟ್ಟಿ ಮೂಸಿ ಏಳನ್ನೂ ಸರಿಯಾಗಿ ಹೇಳಿ, "ಎಂಟನೇದು ನಿಮ್ಮ ಅಂಗಿಗೆ ಹಾಕಿರೋ ಸೆಂಟು. ಅದರಲ್ಲೂ ನಮ್ಮ ಕೆಳಗಿನ ಹೊಲದ್ದೇ ಇದೆ" ಎಂದಳು. ಅವನು ಯಂತ್ರದ ಚಿತ್ರಗಳನ್ನು ಮಡಚಿಕೊಂಡು ಹೋದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಭಟ್ಟಿಮನೆಯವರೆಲ್ಲ ವಾರಗಟ್ಟಲೆ ಅದನ್ನೇ ಹೇಳಿಕೊಂಡು ನಕ್ಕರು. ದೊಡ್ಡಮ್ಮ ನಗಲಿಲ್ಲ, ಆದರೆ ಅವಳ ನಡಿಗೆಯಲ್ಲಿ ಸ್ವಲ್ಪ ಬಿಗಿ ಸೇರಿಕೊಂಡಿತು. ಜಂಬವೆಂದರೆ ಜಂಬ. ನಲವತ್ತು ವರ್ಷ ಒಂದು ಕೆಲಸವನ್ನು ತಪ್ಪಿಲ್ಲದೆ ಮಾಡಿದವರಿಗೆ ಅಷ್ಟು ಇರಲಿ ಬಿಡಿ.

ಆದರೆ ಕಳೆದ ಚಳಿಗಾಲದಲ್ಲಿ ದೊಡ್ಡಮ್ಮನಿಗೆ ಜ್ವರ ಬಂತು. ಹತ್ತು ದಿನ ಹಾಸಿಗೆ ಹಿಡಿದು ಎದ್ದವಳಿಗೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವಾಗ ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ. ಹೆಚ್ಚಿದ್ದನ್ನು ಮೂಗಿಗೆ ಒತ್ತಿಕೊಂಡರೂ ಬರಲಿಲ್ಲ. ನೆಗಡಿ ಪೂರ್ತಿ ಹೋಗಿಲ್ಲ, ನಾಳೆ ಸರಿಹೋಗುತ್ತದೆ ಅಂದುಕೊಂಡಳು. ಆ ನಾಳೆ ನಾಲ್ಕು ತಿಂಗಳಾದರೂ ಬರಲಿಲ್ಲ.

ಹೇಳಬಹುದಿತ್ತು. ತಂಗಿಯ ಜೊತೆ ಒಂದೇ ಮನೆಯಲ್ಲಿದ್ದಳು, ಒಂದೇ ಒಲೆಯ ಊಟ. ಒಂದು ಮಾತು ಬಾಯಿಬಿಟ್ಟಿದ್ದರೆ ಸಾಕಿತ್ತು. ಆದರೆ ಮೂಗು ಹೋದರೆ ತಾನು ಯಾರು ಎಂಬ ಪ್ರಶ್ನೆಗೆ ದೊಡ್ಡಮ್ಮನ ಹತ್ತಿರ ಉತ್ತರವಿರಲಿಲ್ಲ. ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡು ಉಪಾಯ ಹುಡುಕಿದಳು. ಬೆಳಿಗ್ಗೆ ಹೂವು ತರುವ ಗಾಡಿಯವನ ಹತ್ತಿರ, "ಏನಪ್ಪಾ, ಮೇಲಿನ ದಾರಿ ಇನ್ನೂ ಹಾಗೇ ಹಾಳಾಗಿದೆಯಾ?" ಎಂದು ಕೇಳುವಳು. ಅವನು ಮೇಲಿಂದ ಬಂದಿದ್ದರೆ ದಾರಿಗೆ ಶಾಪ ಹಾಕುವನು, ಕೆಳಗಿಂದ ಬಂದಿದ್ದರೆ ತಾನಿವತ್ತು ಆ ಕಡೆ ಹೋಗಿಲ್ಲ ಎನ್ನುವನು. ಅಷ್ಟು ತಿಳಿದ ಮೇಲೆ ಪಟ್ಟಿ ಅದ್ದುವುದು, ಗಾಳಿಗೆ ಬೀಸುವುದು, ಕಣ್ಣು ಮುಚ್ಚುವುದು ಎಲ್ಲ ಮೊದಲಿನ ಹಾಗೇ ನಡೆಯುತ್ತಿತ್ತು. ನೋಡಿದವರಿಗೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುತ್ತಿರಲಿಲ್ಲ.

ಈ ಸಲ ಬಿಸಿಲು ಬೇಗ ಏರಿತು. ಎರಡು ಹೊಲದ ಹೂವೂ ಒಂದೇ ವಾರಕ್ಕೆ ಕೊಯ್ಲಿಗೆ ಬಂದು, ಒಂದೇ ದಿನ ಎರಡೂ ಹಂಡೆ ಏರಿದವು. ಮೊದಲು ಇಳಿಸಿದ ಮೇಲಿನ ಹೊಲದ ಡಬ್ಬಿಗಳು ಕಿಟಕಿಯ ಕಡೆ, ಆಮೇಲೆ ಇಳಿಸಿದ ಕೆಳಗಿನ ಹೊಲದವು ಬಾಗಿಲ ಕಡೆ ಎಂದು ದೊಡ್ಡಮ್ಮ ಮನಸ್ಸಿನಲ್ಲೇ ಗುರುತು ಮಾಡಿಕೊಂಡು ಊಟಕ್ಕೆ ಹೋದಳು. ಆ ಹೊತ್ತಿನಲ್ಲಿ ನೆಲ ತೊಳೆಯುವವರು ಎಲ್ಲ ಡಬ್ಬಿಗಳನ್ನೂ ಹೊರಗಿಟ್ಟು, ತೊಳೆದು, ಮತ್ತೆ ಒಳಗೆ ತಂದು ಜೋಡಿಸಿದರು. ಯಾವುದು ಎಲ್ಲಿ ಎಂದು ಅವರೇಕೆ ನೋಡಬೇಕು? ದೊಡ್ಡಮ್ಮ ಇದ್ದಾಳಲ್ಲ. ದೊಡ್ಡಮ್ಮ ಬಂದು, ಒದ್ದೆ ನೆಲದ ಮೇಲೆ ನಿಂತು, ಸಾವಧಾನವಾಗಿ ಒಂದೊಂದೇ ಪಟ್ಟಿ ಮೂಸಿ, ಕಿಟಕಿಯ ಕಡೆಯವಕ್ಕೆ ಬಿಳಿ ದಾರ, ಬಾಗಿಲ ಕಡೆಯವಕ್ಕೆ ಕರಿ ದಾರ ಕಟ್ಟಿದಳು. ರೂಢಿಯಂತೆ ಬಿಳಿ ದಾರದ್ದರಲ್ಲಿ ಒಂದು ಸೀಸೆ ತುಂಬಿಸಿಕೊಂಡು ಮನೆಗೂ ತಂದಳು.

ಮನೆಯಲ್ಲಿ ಆ ಸೀಸೆ ಬೇಕಾದದ್ದು ಕಡ್ಡಿಗೆ. ಕಡ್ಡಿ ಎಂದರೆ ತಂಗಿಯ ಮೊಮ್ಮಗಳು, ಎಂಟು ವರ್ಷ. ಎಷ್ಟು ತಿಂದರೂ ಮೈಗೆ ಹತ್ತದ್ದಕ್ಕೆ ಬಂದ ಹೆಸರು. ಅವಳ ಅಮ್ಮನಿಗೆ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ, ಅಪ್ಪ ಹಡಗಿನಲ್ಲಿ, ವರ್ಷಕ್ಕೊಮ್ಮೆ ಬರುವವನು. ಹಾಗಾಗಿ ಮಗು ಬೆಳೆದದ್ದು ಇಬ್ಬರು ಅಜ್ಜಿಯರ ಮಡಿಲಲ್ಲಿ. ನಾಲ್ಕನೆಯ ವರ್ಷದಲ್ಲಿ ಅವಳಿಗೆ ಫಿಟ್ಸ್ ಶುರುವಾಯಿತು. ಡಾಕ್ಟರಮ್ಮ ಕೊಟ್ಟ ಮಾತ್ರೆ ಹಿಡಿದು ಎರಡು ವರ್ಷದಿಂದ ಒಂದು ಸಲವೂ ಬಂದಿರಲಿಲ್ಲ. ಇನ್ನೊಂದು ವರ್ಷ ಹೀಗೇ ಹೋದರೆ ಮಾತ್ರೆಯನ್ನು ನಿಧಾನವಾಗಿ ಇಳಿಸಿ ನಿಲ್ಲಿಸೋಣ ಎಂದು ಡಾಕ್ಟರಮ್ಮ ಹೇಳಿದ್ದರು. ಮನೆಯವರೆಲ್ಲ ಆ ದಿನವನ್ನು ಎದುರು ನೋಡುತ್ತಿದ್ದರು.

ಎಣ್ಣೆಯ ವಿಷಯವನ್ನೂ ಡಾಕ್ಟರಮ್ಮ ಆಗಲೇ ಬಿಡಿಸಿ ಹೇಳಿದ್ದರು. ದಿಂಬಿಗೆ ಎರಡೇ ಹನಿ. ಮೈಗೆ ನೇರವಾಗಿ ಹಚ್ಚಕೂಡದು, ಬಾಯಿಗೆ ಹಾಕಲೇಕೂಡದು. ಕರ್ಪೂರದ ಘಾಟು ಇರುವುದು ಯಾವುದನ್ನೂ ಈ ಮಗುವಿನ ಹತ್ತಿರ ತರಬಾರದು, ಅದು ಫಿಟ್ಸನ್ನು ಕೆಣಕಬಹುದು. ಆಗ ದೊಡ್ಡಮ್ಮ ಎದೆ ಮುಟ್ಟಿಕೊಂಡು ಹೇಳಿದ್ದಳು: "ನಮ್ಮ ಬಿಳಿ ದಾರದ್ದರಲ್ಲಿ ಅದು ಇಲ್ಲ ಅನ್ನೋಷ್ಟು ಕಮ್ಮಿ, ಡಾಕ್ಟರಮ್ಮಾ. ಅದು ನನ್ನ ಜವಾಬ್ದಾರಿ."

ಆದರೂ ಭಟ್ಟಿಯವರ ಮನೆಯಲ್ಲಿ ಹನಿ ಎಣಿಸುವವರು ಯಾರು? ಮನೆಯವಳೇ ಕೈಯಾರೆ ತಂದ ಎಣ್ಣೆ, ನಂಬಿಕೆ ಜಾಸ್ತಿ. ತಂಗಿಯ ಕೈಯಲ್ಲಿ ಎರಡು ಹನಿ ಐದಾಯಿತು, ಐದು ಏಳಾಯಿತು, ಅಡುಗೆ ಎಣ್ಣೆಯಲ್ಲಿ ಕಲಸಿ ಅಂಗಾಲಿಗೂ ಕತ್ತಿಗೂ ಹಚ್ಚುವುದು ಶುರುವಾಯಿತು. ಮೃದುವಾದ ಎಣ್ಣೆ ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಎರಡು ವರ್ಷ ಸುಮ್ಮನಿತ್ತು.

ಹೊಸ ಸೀಸೆ ಬಂದ ಮರುದಿನ ಕಡ್ಡಿ ಶಾಲೆಯಿಂದ ಬಂದು, ತಿಂದು, ಅಭ್ಯಾಸದಂತೆ ಒಂದು ಗಂಟೆ ಮಲಗಲು ಹೋದವಳು ತಲೆ ಎತ್ತಿ ಕೂತಳು.

"ಅಜ್ಜೀ, ದಿಂಬು ಬೀರು ಥರ ವಾಸನೆ ಬರ್ತಿದೆ."

"ಬೀರು ಥರ ಅಂದ್ರೇನೇ?" ಎಂದಳು ತಂಗಿ.

"ಅಮ್ಮ ಸ್ವೆಟರ್ ಇಡ್ತಾಳಲ್ಲ, ಆ ಬೀರು. ಮೂಗೊಳಗೆ ಚುರ್ ಅನ್ನುತ್ತೆ. ನಂಗೆ ಬೇಡ ಇದು."

"ಹೊಸದಲ್ವಾ, ಅದಕ್ಕೇ. ಬಿಳಿ ದಾರದ್ದೇ ಕಣೇ. ನಿಮ್ಮ ದೊಡ್ಡಜ್ಜಿ ಕಟ್ಟಿದ ದಾರಾನ ನೀನು ತಪ್ಪು ಅಂತೀಯಾ? ಭಾರೀ ಮೂಗಿನವಳು ಬಂದ್ಳು!"

"ಹಾಗಾದ್ರೆ ದೊಡ್ಡಜ್ಜೀನೇ ನೋಡ್ಲಿ."

ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದಳು. ಬೀರು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅವಳಿಗೆ ಭಟ್ಟಿಮನೆಯ ಒದ್ದೆ ನೆಲ ನೆನಪಾಯಿತು. ನೆಲ ತೊಳೆದಿದ್ದರು, ಡಬ್ಬಿಗಳು ಹೊರಗೆ ಹೋಗಿ ಬಂದಿದ್ದವು, ಎಲ್ಲ ಒಂದೇ ಉಸಿರಿಗೆ ಕಣ್ಣ ಮುಂದೆ ಬಂತು. ಮಗು ಎರಡೂ ಕೈಯಲ್ಲಿ ದಿಂಬನ್ನು ಚಾಚಿತು. ದೊಡ್ಡಮ್ಮ ತೆಗೆದುಕೊಂಡು ಮುಖಕ್ಕೆ ಒತ್ತಿದಳು. ಬಟ್ಟೆ ತಣ್ಣಗಿತ್ತು, ಅಷ್ಟೇ. ತಂಗಿ ನಗುತ್ತಾ ಕಾಯುತ್ತಿದ್ದಳು.

"ಸರಿಯಾಗೇ ಇದೆ," ಎಂದಳು ದೊಡ್ಡಮ್ಮ. "ಹೊಸ ಎಣ್ಣೆ ಸ್ವಲ್ಪ ಘಾಟು ಇರುತ್ತೆ. ಮಲ್ಕೋ."

ಕಡ್ಡಿ ಮಲಗಿದಳು. ದೊಡ್ಡವರು ಇಬ್ಬರೂ ಹೇಳಿದ ಮೇಲೆ ಎಂಟು ವರ್ಷದವಳು ಇನ್ನೇನು ಮಾಡುತ್ತಾಳೆ?

ನಾಲ್ಕನೆಯ ದಿನ ಮಧ್ಯಾಹ್ನ ಮಲಗಿದಲ್ಲೇ ಮಗುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು, ಕೈಕಾಲು ಸೆಟೆದವು. ಎರಡು ವರ್ಷವಾದರೂ ಮನೆಯವರಿಗೆ ಏನು ಮಾಡಬೇಕೆಂದು ಮರೆತಿರಲಿಲ್ಲ. ತಂಗಿ ಮಗುವನ್ನು ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನೂ ತುರುಕದೆ, ತಲೆಯ ಕೆಳಗೆ ಅಂಗೈ ಕೊಟ್ಟು ಕೂತಳು. ದೊಡ್ಡಮ್ಮ ಗಡಿಯಾರ ನೋಡಿದಳು. ಎರಡು ನಿಮಿಷ ಹತ್ತು ಸೆಕೆಂಡು. ಅಷ್ಟು ಉದ್ದದ ಎರಡು ನಿಮಿಷವನ್ನು ಅವಳು ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಮಗು ಸುಸ್ತಾಗಿ ನಿದ್ದೆಗೆ ಜಾರಿದಾಗ, ಪಾಪ ಆರಾಮವಾಗಿ ಮಲಗಲಿ ಎಂದು ತಂಗಿ ಅದೇ ದಿಂಬಿಗೆ ಇನ್ನೂ ಮೂರು ಹನಿ ಚಿಮುಕಿಸಿದಳು. ದೊಡ್ಡಮ್ಮ ಅದನ್ನು ನೋಡಿದಳು. ಬೇಡವೆನ್ನಲು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡಳು. ಬೇಡವೆಂದರೆ ಯಾಕೆಂದು ಕೇಳುತ್ತಾರಲ್ಲ.

ಎರಡು ದಿನ ಬಿಟ್ಟು ಇನ್ನೊಂದು ಸಲ ಬಂತು, ಶಾಲೆಯಲ್ಲಿ, ಎಲ್ಲ ಮಕ್ಕಳ ಎದುರಿಗೆ. ಅವಳ ಅಮ್ಮ ಕೆಲಸ ಬಿಟ್ಟು ಓಡಿದಳು.

ಅದೇ ಸಂಜೆ ಸಾಬೂನು ಮಾಡುವವನು ಭಟ್ಟಿಮನೆಗೆ ಬಂದ. ಮುಖವೆಲ್ಲ ಹಲ್ಲು.

"ದೊಡ್ಡಮ್ಮಾ, ಈ ಸಲ ಏನು ಕೊಟ್ಟಿದ್ದೀರ್ರೀ! ಕರಿ ದಾರದ್ದು ಅಂದ್ರೆ ಕರಿ ದಾರದ್ದು ಅನ್ನಿಸಲೇ ಇಲ್ಲ. ಘಾಟೇ ಇಲ್ಲ, ಹೂವಿನ ಹಾಗೆ. ಇಂಥದ್ದೇ ಇನ್ನೆರಡು ಡಬ್ಬಿ ಬೇಕು."

ಅಲ್ಲಿಯವರೆಗೆ ದೊಡ್ಡಮ್ಮ ಒಂದು ಸಣ್ಣ ಆಸೆಯನ್ನು ಹಿಡಿದು ಜೋತಾಡುತ್ತಿದ್ದಳು, ಇರಲಾರದು, ಇರಲಾರದು ಎಂದು. ಅದೂ ಕೈಬಿಟ್ಟಿತು. ಮನೆಗೆ ಹೋದವಳೇ ಸೀಸೆಯ ಎಣ್ಣೆಯನ್ನು ಬಚ್ಚಲಿಗೆ ಸುರಿದು, ಸೀಸೆ ತೊಳೆದು, ತನ್ನ ಪೆಟ್ಟಿಗೆಯಲ್ಲಿದ್ದ ಹೋದ ವರ್ಷದ ಎಣ್ಣೆಯನ್ನು ಅದಕ್ಕೆ ತುಂಬಿಸಿಟ್ಟಳು. ದಿಂಬಿನ ಚೀಲ ಬಿಚ್ಚಿ ಒಗೆದಳು. ಯಾರೂ ಕೇಳಲಿಲ್ಲ. ಇನ್ನು ಮಗುವಿಗೆ ಬರುವುದಿಲ್ಲ, ಬರದಿದ್ದರೆ ಹೇಳಬೇಕಾದದ್ದೂ ಇಲ್ಲ, ಮುಂದಿನ ಕೊಯ್ಲಿಗೆ ವಯಸ್ಸಾಯಿತೆಂದು ಕೆಲಸ ಬಿಟ್ಟರಾಯಿತು ಎಂದು ಲೆಕ್ಕ ಹಾಕಿದಳು. ಉಳಿದ ಬಿಳಿ ದಾರದ ಡಬ್ಬಿಗಳ ನೆನಪು ಮನಸ್ಸಿನ ಬಾಗಿಲು ಬಡಿಯುತ್ತಲೇ ಇತ್ತು. ಅವಳು ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ನಾಲ್ವರೂ ಡಾಕ್ಟರಮ್ಮನ ಹತ್ತಿರ ಹೋದರು. ದೊಡ್ಡಮ್ಮ ಬರಬೇಕಾದ್ದಿರಲಿಲ್ಲ. ಆದರೆ ಕಡ್ಡಿ ಅವಳ ಸೆರಗು ಹಿಡಿದುಕೊಂಡು ಬಿಡಲಿಲ್ಲ.

ಸಣ್ಣ ಕೋಣೆ, ಬಿಳಿ ಮೇಜು, ಎತ್ತರದ ಸ್ಟೂಲಿನ ಮೇಲೆ ಮಗು. ಡಾಕ್ಟರಮ್ಮ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಮೊಣಕಾಲು ತಟ್ಟಿದರು, ಹಳೆಯ ಕಾಗದಗಳನ್ನು ತಿರುವಿದರು.

"ಮಾತ್ರೆ ತಪ್ಪಿತ್ತಾ?"

"ಒಂದು ದಿನಾನೂ ಇಲ್ಲ," ಎಂದಳು ಅಮ್ಮ.

"ಜ್ವರ? ನಿದ್ದೆ ಕಮ್ಮಿ? ಮನೇಲಿ ಹೊಸದೇನಾದ್ರೂ?"

"ಏನೂ ಇಲ್ಲ."

"ಎಣ್ಣೆ?"

"ಅದೇ ಬಿಳಿ ದಾರದ್ದು ಡಾಕ್ಟರಮ್ಮಾ," ಎಂದಳು ತಂಗಿ. "ಅಕ್ಕಾನೇ ಮೂಸಿ ನೋಡಿದ್ದಾಳೆ."

ಡಾಕ್ಟರಮ್ಮ ದೊಡ್ಡಮ್ಮನ ಕಡೆ ಒಮ್ಮೆ ನೋಡಿ ತಲೆಯಾಡಿಸಿದರು. ಆ ಮೂಗಿನ ಖ್ಯಾತಿ ಅವರಿಗೂ ಗೊತ್ತಿತ್ತು.

"ಹಾಗಾದ್ರೆ ಈ ಮಾತ್ರೆ ಇವಳಿಗೆ ಸಾಲ್ತಾ ಇಲ್ಲ. ಇನ್ನೊಂದು ಸೇರಿಸ್ಬೇಕು. ಅದು ಸ್ವಲ್ಪ ಜೋರು. ತೂಕಡಿಕೆ ಬರುತ್ತೆ, ಓದಿದ್ದು ನಿಲ್ಲೋದು ಕಷ್ಟ ಆಗಬಹುದು, ಕೆಲವು ಮಕ್ಕಳು ಮಂಕಾಗ್ತಾರೆ. ತಿಂಗಳಿಗೊಮ್ಮೆ ರಕ್ತ ತೆಗೀಬೇಕು. ನಿಲ್ಲಿಸೋ ಮಾತು ಇನ್ನು ನಾಲ್ಕೈದು ವರ್ಷ ಬೇಡ."

ಅಮ್ಮ ಮಗುವಿನ ಜಡೆಯ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಳು. ಡಾಕ್ಟರಮ್ಮ ಚೀಟಿ ಎಳೆದುಕೊಂಡು ಕಡ್ಡಿಯ ಹೆಸರು, ವಯಸ್ಸು, ತೂಕ ಬರೆದರು. ಪೆನ್ನು ಕೆಳಗಿನ ಸಾಲಿಗೆ ಇಳಿಯಿತು.

"ಬರೀಬೇಡಿ," ಎಂದಳು ದೊಡ್ಡಮ್ಮ.

ಎಲ್ಲರೂ ತಿರುಗಿ ನೋಡಿದರು.

"ಅದು ಬಿಳಿ ದಾರದ್ದಲ್ಲ. ಕೆಳಗಿನ ಹೊಲದ್ದು. ದಾರ ನಾನು ತಪ್ಪು ಕಟ್ಟಿದೆ."

"ನೀನು ಮೂಸಿದೆಯಲ್ಲೇ ಅಕ್ಕಾ!"

"ಮೂಸಿದೆ. ನಂಗೆ ವಾಸನೆ ಬರಲ್ಲ. ಜ್ವರ ಬಂತಲ್ಲ, ಆವತ್ತಿಂದ. ನಿನ್ನೆ ಸಾಬೂನಿನವನು ಬಂದು ಹೇಳಿದ ಮೇಲೆ ಅದಲು ಬದಲಾಗಿದೆ ಅಂತ ತಿಳೀತು. ಸೀಸೆ ಖಾಲಿ ಮಾಡಿದೆ. ಯಾರಿಗೂ ಹೇಳ್ಲಿಲ್ಲ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ದೊಡ್ಡಮ್ಮನಿಗೆ ಸುಲಭವಾಗುತ್ತಿತ್ತು. ಅವರು ಪೆನ್ನು ಕೆಳಗಿಟ್ಟು ಒಂದೊಂದೇ ಕೇಳಿದರು: ಎಷ್ಟು ದಿನ, ದಿನಕ್ಕೆ ಎಷ್ಟು ಹನಿ, ಮೈಗೂ ಹಚ್ಚಿದ್ದಿರಾ.

"ಏಳೆಂಟು ಹನಿ," ಎಂದಳು ತಂಗಿ, ಧ್ವನಿ ಇಳಿದು ಹೋಗಿತ್ತು. "ಅಂಗಾಲಿಗೆ, ಕತ್ತಿಗೆ. ಫಿಟ್ಸ್ ಬಂದ ದಿನ ಇನ್ನೂ ಮೂರು."

"ಅದೇ ಕಾರಣ ಅಂತ ನಾನು ಪ್ರಮಾಣ ಮಾಡಿ ಹೇಳಲ್ಲ," ಎಂದರು ಡಾಕ್ಟರಮ್ಮ. "ಆದ್ರೆ ಕರ್ಪೂರ ಇರೋ ಎಣ್ಣೆ, ಇಷ್ಟೊಂದು, ಈ ಮಗೂಗೆ... ಸಾಕು, ಅನುಮಾನ ಪಡೋಕೆ. ಹೊಸ ಮಾತ್ರೆ ಈಗ ಬೇಡ. ಎಣ್ಣೆ ಎಲ್ಲಾ ನಿಲ್ಲಿಸಿ, ಬಿಳಿ ದಾರದ್ದೂ ಸೇರಿ. ಆರು ವಾರ ನೋಡೋಣ. ಮತ್ತೆ ಬಂದ್ರೆ ಆವತ್ತೇ ಕರ್ಕೊಂಡು ಬನ್ನಿ." ಆಮೇಲೆ ದೊಡ್ಡಮ್ಮನ ಕಡೆ ತಿರುಗಿದರು. "ಆ ಡಬ್ಬಿಗಳು ಇನ್ನೆಲ್ಲಿಗೆ ಹೋಗಿವೆ?"

ಬಾಗಿಲು ಬಡಿಯುತ್ತಿದ್ದದ್ದು ಒಳಗೇ ಬಂದು ನಿಂತಿತ್ತು.

"ಹೆರಿಗೆ ವಾರ್ಡಿಗೆ ಮೂರು. ಮುದುಕರ ಆರೈಕೆ ಮನೆಗೆ ಎರಡು."

ಡಾಕ್ಟರಮ್ಮ ಮೇಜಿನ ಮೇಲಿದ್ದ ಫೋನನ್ನು ಅವಳ ಕಡೆ ಸರಿಸಿದರು. ದೊಡ್ಡಮ್ಮ ನಿಂತೇ ಯಜಮಾನರಿಗೆ ಫೋನು ಮಾಡಿದಳು. ಬಿಳಿ ದಾರದ್ದು ಯಾರೂ ಮುಟ್ಟದಂತೆ ಈಗಲೇ ಹೇಳಿಕಳಿಸಿ, ಹಸುಗೂಸುಗಳ ಹತ್ತಿರ ಒಯ್ಯಬಾರದು, ಎಲ್ಲ ವಾಪಸ್ಸು ತರಿಸಿ ಎಂದಳು.

"ಅದು ಹೇಗೆ ಆಗುತ್ತೆ ದೊಡ್ಡಮ್ಮಾ? ನೀವೇ ನೋಡಿದ್ದೀರಲ್ಲ?" ಆ ಕಡೆಯ ಧ್ವನಿ ಕೋಣೆಯಲ್ಲಿದ್ದವರಿಗೆಲ್ಲ ಕೇಳುತ್ತಿತ್ತು.

"ನೋಡಿಲ್ಲ. ಚಳಿಗಾಲದಿಂದ ನಾನು ಒಂದು ಡಬ್ಬೀನೂ ನೋಡಿಲ್ಲ. ಕಟ್ಟಿದ್ದು ಬರೀ ದಾರ. ಇನ್ನು ಆ ಯಂತ್ರದವನನ್ನ ಕರೆಸಿ."

ಯಜಮಾನರು "ಸರಿ" ಎಂದಷ್ಟೇ ಹೇಳಿ ಫೋನು ಇಟ್ಟರು. ಅರ್ಧ ಗಂಟೆಯಲ್ಲಿ ಡಾಕ್ಟರಮ್ಮನಿಗೆ ಸುದ್ದಿ ಬಂತು. ಹೆರಿಗೆ ವಾರ್ಡಿನ ಡಬ್ಬಿಗಳ ಮುಚ್ಚಳ ಇನ್ನೂ ಒಡೆದಿರಲಿಲ್ಲ. ಆರೈಕೆ ಮನೆಯಲ್ಲಿ ಒಂದು ಡಬ್ಬಿ ಅರ್ಧವಾಗಿತ್ತು, ಇಬ್ಬರಿಗೆ ಚರ್ಮ ಕೆಂಪಾಗಿ ತುರಿಕೆ ಬಂದಿತ್ತು, ಯಾಕೆಂದು ತಿಳಿಯದೆ ಅಲ್ಲಿನವರು ತಲೆ ಕೆಡಿಸಿಕೊಂಡಿದ್ದರು.

ಹೊರಗೆ ಉದ್ದನೆಯ ಓಣಿ, ಗೋಡೆಗೆ ತಾಗಿದ ಬೆಂಚು. ಅಮ್ಮ ಮತ್ತು ತಂಗಿ ಹಳೆಯ ಮಾತ್ರೆಗೆಂದು ಔಷಧಿ ಕೊಡುವ ಕಿಟಕಿಯ ಹತ್ತಿರ ಸಾಲಿನಲ್ಲಿ ನಿಂತಿದ್ದರು. ತಂಗಿ ಈ ಕಡೆ ತಿರುಗಿಯೂ ನೋಡಲಿಲ್ಲ. ಐವತ್ತು ವರ್ಷದಲ್ಲಿ ಎಷ್ಟೋ ಸಲ ಜಗಳವಾಡಿದ್ದರು, ಇಬ್ಬರೂ ಬಾಯಿ ಜೋರಿನವರೇ. ಹೀಗೆ ಸುಮ್ಮನಿದ್ದದ್ದು ಇದೇ ಮೊದಲು. ದೊಡ್ಡಮ್ಮ ಬೆಂಚಿನ ತುದಿಯಲ್ಲಿ ಕೂತಳು. ಕಡ್ಡಿ ಬಂದು ಪಕ್ಕದಲ್ಲಿ ಕೂತು ಕಾಲು ಆಡಿಸತೊಡಗಿದಳು.

"ದೊಡ್ಡಜ್ಜೀ, ನಿಂಗೆ ಏನೂ ವಾಸನೆ ಬರಲ್ವಾ?"

"ಇಲ್ಲ ಕಣೇ."

"ಪಾಯಿಖಾನೆದೂ?"

"ಅದೂ ಇಲ್ಲ."

ಕಡ್ಡಿಗೆ ನಗು ಬಂತು. ದೊಡ್ಡಮ್ಮನಿಗೂ ಒಂದು ಕ್ಷಣ ಮುಖ ಸಡಿಲವಾಯಿತು. ಮಗು ಮತ್ತೆ ಯೋಚಿಸಿತು.

"ಆವತ್ತು ನನ್ನ ದಿಂಬು ಮೂಸಿದಾಗಲೂ ಬರ್ಲಿಲ್ವಾ?"

"ಆಗಲೂ ಬರ್ಲಿಲ್ಲ."

"ಹಾಗಾದ್ರೆ ನಾನು ಹೇಳಿದ್ದು ನಿಜ ಅಂತ ನಿಂಗೆ ಗೊತ್ತಿರ್ಲಿಲ್ಲ. ಅದಕ್ಕೇ ಸರಿಯಾಗಿದೆ ಅಂದೆ. ಅಲ್ವಾ?"

ಮಗುವೇ ಬಾಗಿಲು ತೆರೆದು ಹಿಡಿದಿತ್ತು. ಹೂಂ ಎಂದರೆ ಮುಗಿಯಿತು. ಒಳಗೆ ಡಾಕ್ಟರಮ್ಮನ ಎದುರು ಈ ಒಂದು ವಿಷಯವನ್ನು ದೊಡ್ಡಮ್ಮ ಹೇಳಿರಲಿಲ್ಲ. ಸಾಬೂನಿನವನ ಹೆಸರು ಹೇಳಿ ದಾಟಿಕೊಂಡಿದ್ದಳು. ಇದು ಈ ಲೋಕದಲ್ಲಿ ಅವಳೊಬ್ಬಳಿಗೇ ಗೊತ್ತಿದ್ದ ಸಂಗತಿ. ಕಡ್ಡಿ ಅವಳ ಮುಖವನ್ನೇ ನೋಡುತ್ತಿದ್ದಳು, ಹೂಂ ಎನ್ನಲಿ ಎಂದು ಆಸೆಪಟ್ಟು.

"ಗೊತ್ತಿತ್ತು," ಎಂದಳು ದೊಡ್ಡಮ್ಮ. "ನೀನು ಬೀರು ಅಂದ ಕೂಡ್ಲೇ ಗೊತ್ತಾಯ್ತು. ನನ್ನ ಮೂಗು ಹೋಗಿರೋದು ಎಲ್ರಿಗೂ ತಿಳಿಯುತ್ತೆ ಅಂತ ಹೆದರಿ, ನೀನೇ ತಪ್ಪು ಅಂತ ಮಾಡ್ದೆ."

ಆಡುತ್ತಿದ್ದ ಕಾಲು ನಿಂತಿತು. ಕಡ್ಡಿ ತನ್ನ ಚಪ್ಪಲಿಯ ತುದಿ ನೋಡುತ್ತಾ ಕೂತಳು. ಆಮೇಲೆ ಬೆಂಚಿನಿಂದ ಇಳಿದು, ಓಣಿಯುದ್ದಕ್ಕೂ ನಡೆದು ಹೋಗಿ, ಕಿಟಕಿಯ ಹತ್ತಿರ ಅಮ್ಮನ ಮತ್ತು ಅಜ್ಜಿಯ ನಡುವೆ ನಿಂತುಕೊಂಡಳು. ದೊಡ್ಡಮ್ಮ ಅವಳನ್ನು ಕರೆಯಲಿಲ್ಲ.